ಯಜಮಾನರ ದಾಹ

ನನಗೆ ಯಾವುದರ ಮೇಲೂ ಸುಲಭವಾಗಿ ನಂಬಿಕೆ ಬರುವುದಿಲ್ಲ. ಬಸ್ಸಿನ ಬೋರ್ಡು ಪಿರಿಯಾಪಟ್ಟಣ ಎಂದು ಕಣ್ಣಿಗೆ ರಾಚಿದರೂ ಕಂಡಕ್ಟರನ್ನು ಕೇಳಿಯೇ ಹತ್ತುತ್ತೇನೆ. ಇದೂ ಒಂದು ಕಾಯಿಲೆ ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು.

ನಮ್ಮೂರು ರಾವಂದೂರಿನ ಕಡೆ. ಆ ವರ್ಷ ಹೊಗೆಸೊಪ್ಪು ಚೆನ್ನಾಗಿ ಬಂದಿತ್ತು. ನಾನು ಹೊಲದಲ್ಲಿ ಸೊಪ್ಪು ಮುರಿಯುತ್ತಿದ್ದೆ, ಅತ್ತೆ ಅದನ್ನು ಕಡ್ಡಿಗೆ ಕಟ್ಟುತ್ತಿದ್ದರು. ಆ ಸೊಪ್ಪನ್ನು ಶಾಖದಲ್ಲಿ ಒಣಗಿಸುವ ಬ್ಯಾರನ್ನಿನ ಮುಂದೆ ಕೂತು ಬೆಂಕಿ ನೋಡಿಕೊಳ್ಳುವುದು ನನ್ನ ಯಜಮಾನರ ಕೆಲಸ. ಒಳಗಿನ ಶಾಖ ಏರಿದರೆ ಎಲೆ ಕಪ್ಪಾಗುತ್ತದೆ, ಇಳಿದರೂ ಕೆಡುತ್ತದೆ. ಅವರು ಸೌದೆ ತಳ್ಳಿ, ಎಳೆದು ಅದನ್ನು ಹದದಲ್ಲಿ ಇಡುತ್ತಿದ್ದರು. ಬೆಂಕಿಯ ಮುಂದೆ ಕೂತವರಿಗೆ ದಾಹ ಸಹಜ. ಹಾಗಾಗಿ ಅವರು ಬಿಂದಿಗೆಗಟ್ಟಲೆ ನೀರು ಖಾಲಿ ಮಾಡಿದರೂ ಯಾರೂ ಏನೂ ಅಂದುಕೊಳ್ಳಲಿಲ್ಲ.

ನಾನು ಅಂದುಕೊಂಡೆ. ಮಳೆ ಹಿಡಿದು ಬೆಂಕಿಯ ಹತ್ತಿರವೂ ಚಳಿಯಾಗುವ ದಿನ ಇಷ್ಟು ನೀರು ಯಾಕೆ? ಗಳಿಗೆಗೊಮ್ಮೆ ಮೂತ್ರಕ್ಕೆ ಏಳುವುದು ಯಾಕೆ? ಅಂಗಿ ಮೈಮೇಲೆ ಸಡಿಲವಾಗಿ ನೇತಾಡುತ್ತಿತ್ತು. ಮೊದಲು ನನಗೆ ಅನುಮಾನ ಬಂದದ್ದು ಕುಡಿತದ ಮೇಲೆ. ನೆಪ ಮಾಡಿಕೊಂಡು ಹತ್ತಿರ ಹೋಗಿ ಮೂಸಿದೆ. ಹಣ್ಣು ಕೊಳೆತಂಥ ಒಂದು ಸಿಹಿ ವಾಸನೆ. ಯಾವ ಅಂಗಡಿಯ ಮಾಲು ಎಂದು ಕೇಳಿದ್ದಕ್ಕೆ ನಕ್ಕು, ಮತ್ತೆ ನೀರು ಕೇಳಿದರು.

ಒಂದು ಬೆಳಿಗ್ಗೆ ವಾಂತಿ ಶುರುವಾಯಿತು. ತಲೆ ಸುತ್ತಿ ಜಗುಲಿಯ ಮೇಲೆ ಮಲಗಿಬಿಟ್ಟರು. ಸೊಪ್ಪಿನ ಕಾಲದಲ್ಲಿ ನಮ್ಮ ಕಡೆ ವಾಂತಿಗೆ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ. ಒದ್ದೆ ಸೊಪ್ಪು ಮುರಿದವರಿಗೆ ಅದರ ಘಾಟು ಮೈಗೆ ಹತ್ತಿ ಹೀಗಾಗುತ್ತದೆ, ನಿಂಬೆಹಣ್ಣು ಹಿಂಡಿದ ಬೆಲ್ಲದ ಪಾನಕ ಕುಡಿಸಿದರೆ ಸಂಜೆಗೆ ಎದ್ದು ಓಡಾಡುತ್ತಾರೆ. ಅತ್ತೆ ಚೊಂಬಿನ ತುಂಬ ಪಾನಕ ಮಾಡಿದರು. ಯಜಮಾನರು ಗಟಗಟ ಕುಡಿದು ಇನ್ನೂ ಬೇಕೆಂದರು. ಮತ್ತೆ ಮಾಡಿದರು. ಕುಡಿದಷ್ಟೂ ದಾಹ ಹೆಚ್ಚಾಯಿತು, ಮಾತು ತೊದಲಿತು, ಉಸಿರು ಓಡಿ ಬಂದವರ ಹಾಗೆ ಏರತೊಡಗಿತು.

ನನ್ನ ತಲೆಯಲ್ಲಿ ಒಂದೇ ಹುಳ ಕೊರೆಯುತ್ತಿತ್ತು. ಈ ಮನುಷ್ಯ ವಾರದಿಂದ ಹೊಲದ ಕಡೆ ತಲೆ ಹಾಕಿಲ್ಲ. ಹಸಿ ಸೊಪ್ಪಿನಲ್ಲಿ ಮುಳುಗೆದ್ದವರು ನಾವಿಬ್ಬರು ಹೆಂಗಸರು, ನಮಗೆ ಏನೂ ಆಗಿಲ್ಲ. ಅತ್ತೆ ಇನ್ನೊಂದು ಚೊಂಬು ತಂದಾಗ ಅಡ್ಡ ನಿಂತೆ.

"ಅತ್ತೆ, ಇವ್ರು ಸೊಪ್ಪೇ ಮುಟ್ಟಿಲ್ವಲ್ಲ. ಘಾಟು ಎಲ್ಲಿಂದ ಬಂತು?"

"ನಿಂಗೆ ಎಲ್ಲಾದ್ರಲ್ಲೂ ಅನ್ಮಾನ ಕಣವ್ವ. ದಾರಿ ಬುಡು, ಮಗ ಬಾಯಾರ್ಕೊಂಡವ್ನೆ."

ನಾನು ದಾರಿ ಬಿಡಲಿಲ್ಲ. ಪಕ್ಕದ ಮನೆಯವರ ಆಟೋದಲ್ಲಿ ಅವರನ್ನು ಪಟ್ಟಣದ ಆಸ್ಪತ್ರೆಗೆ ಕರೆದೊಯ್ದೆ. ಅತ್ತೆ ಮುಖ ಊದಿಸಿಕೊಂಡು, ಚೊಂಬು ಹಿಡಿದೇ ಹತ್ತಿದರು.

ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಎಷ್ಟಿದೆ ಎಂದು ತೋರಿಸಲು ಆ ಮೆಷಿನ್ನಿಗೇ ಆಗಲಿಲ್ಲ, ಅಷ್ಟು ಮೇಲಿತ್ತು. ಡಾಕ್ಟರು ಹೇಳಿದ್ದಿಷ್ಟು: ರಕ್ತದಲ್ಲಿ ಸಕ್ಕರೆ ಏರದಂತೆ, ಇಳಿಯದಂತೆ ಮೈ ತಾನೇ ನೋಡಿಕೊಳ್ಳುತ್ತದೆ; ಇವರಲ್ಲಿ ಆ ಏರ್ಪಾಟು ಕೈಕೊಟ್ಟಿದೆ. ಹೆಚ್ಚಾದದ್ದು ಮೂತ್ರದಲ್ಲಿ ಹೊರಗೆ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗಿದೆ, ಆ ದಾಹ ಅದಕ್ಕೇ. ಈಗ ರಕ್ತವೇ ಹುಳಿಯಾಗುತ್ತಿದೆ, ತಡವಾಗಿದ್ದರೆ ಜೀವ ಹೋಗುತ್ತಿತ್ತು. ಕುಡಿಯಲು ಏನು ಕೊಟ್ಟಿರಿ ಎಂದು ಕೇಳಿದಾಗ ಅತ್ತೆ ಚೊಂಬನ್ನು ಸೆರಗಿನೊಳಗೆ ಸರಿಸಿಕೊಂಡರು. ನಾನೇ ಹೇಳಬೇಕಾಯಿತು.

ಅವರಿಗೆ ಡ್ರಿಪ್ ಹಾಕಿದ ಮೇಲೆ ಮಂಚದ ಪಕ್ಕ ಕೂತು ಯೋಚಿಸಿದೆ. ಬ್ಯಾರನ್ನಿನ ಮುಂದಾದರೂ ಒಬ್ಬರು ಕಣ್ಣಿಟ್ಟು ಕೂತಿರುತ್ತಾರೆ. ಮೈಯೊಳಗಿನ ಕೆಲಸಕ್ಕೆ ಯಾರು ಕೂತಿದ್ದಾರೆ, ಯಾವಾಗ ಎದ್ದು ಹೋಗುತ್ತಾರೆ, ಒಂದೂ ಗೊತ್ತಾಗುವುದಿಲ್ಲ. ಅಂದಿನಿಂದ ನನಗೆ ನನ್ನ ಮೈಯ ಮೇಲೂ ಗುಮಾನಿಯೇ. ಸ್ವಲ್ಪ ಬಾಯಾರಿದರೂ ಯಾಕೆ ಎಂದು ಕೇಳಿಕೊಳ್ಳುತ್ತೇನೆ.

ಯಜಮಾನರು ಉಳಿದರು. ದಿನಾ ಇಂಜೆಕ್ಷನ್ ತಗೊಳ್ಳಬೇಕು, ಅಷ್ಟೆ. ಅತ್ತೆಯನ್ನು ಯಾರೂ ಒಂದು ಮಾತೂ ಅನ್ನಲಿಲ್ಲ. ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಯಜಮಾನರು ನೀರು ಕೇಳಿದರು. ಅತ್ತೆ ಕೊಡದಿಂದ ಲೋಟಕ್ಕೆ ಬಗ್ಗಿಸಿ, ಅಂಗೈಗೆ ಒಂದಿಷ್ಟು ಸುರಿದುಕೊಂಡು ನಾಲಿಗೆಗೆ ಹಚ್ಚಿ ನೋಡಿದರು. ಮತ್ತೊಮ್ಮೆ ನೋಡಿದರು.

"ಅದು ಬರೀ ನೀರು ಅತ್ತೆ," ಎಂದೆ.

"ನೀನೂ ಒಂದ್ಕಿತ ನೋಡ್ಬುಡವ್ವ," ಎಂದು ಲೋಟವನ್ನು ನನ್ನತ್ತ ಚಾಚಿದರು. "ನನ್ ನಾಲ್ಗೆ ಮ್ಯಾಲೆ ನಂಗೇ ನಂಬ್ಕೆ ಇಲ್ಲ."

ನಾನು ಒಂದು ಗುಟುಕು ಕುಡಿದು ತಲೆಯಾಡಿಸಿದ ಮೇಲೆಯೇ ಮಗನಿಗೆ ಕೊಟ್ಟರು.