ರಾಯರು ನಂಬದ ಬರ್ಫಿ
ಸಿಹಿ ಮಾಡಿ ಮಾರುವುದು ನನ್ನ ಕೆಲಸ. ಮೈಲಾಪೂರಿನ ರಾಯರೊಬ್ಬರಿಗೆ ಡಾಕ್ಟರು ಸಕ್ಕರೆ, ಅಕ್ಕಿ, ಗೋಧಿ ಎಲ್ಲ ಬಿಡಿಸಿದ್ದರು. ಅವರ ಹುಟ್ಟುಹಬ್ಬಕ್ಕೆ ಏನಾದರೂ ಸಿಹಿ ಬೇಕೆಂದು ಅವರ ಹೆಂಡತಿ ಕೇಳಿದರು. ಪಾಕವಿಲ್ಲದೆ ಪುಡಿಪುಡಿಯಾಗುತ್ತಿದ್ದರೂ ಬಿಡದೆ, ಬಾದಾಮಿ, ತೆಂಗಿನತುರಿ, ತುಪ್ಪದಲ್ಲೇ ಬರ್ಫಿ ಮಾಡಿಯೇ ತೀರಿದೆ.

ಹುಟ್ಟುಹಬ್ಬದ ದಿನ ನೆಂಟರು ಸೇರಿದ್ದ ಅವರ ಮನೆಗೆ ಅದನ್ನು ಒಯ್ದೆ. ರಾಯರು ಒಂದು ತುಂಡು ತಿಂದು, "ಏನಮ್ಮಾ, ಸುಳ್ಳು ಹೇಳ್ತೀರಾ? ಇದರಲ್ಲಿ ಸಕ್ಕರೆ ಇದ್ದೇ ಇದೆ" ಎಂದರು.

"ಇಲ್ಲ ಸಾರ್. ಬೇಕಾದ್ರೆ ಎರಡು ಗಂಟೆ ಬಿಟ್ಟು ರಕ್ತ ಟೆಸ್ಟ್ ಮಾಡ್ಕೊಳ್ಳಿ. ಅಲ್ಲಿವರೆಗೂ ನಾನು ಇಲ್ಲೇ ಕೂತಿರ್ತೀನಿ" ಎಂದು ಕುರ್ಚಿ ಎಳೆದುಕೊಂಡೆ. ಅಷ್ಟು ಹೊತ್ತೂ ಅವರಿಗೆ ಬೇರೇನೂ ತಿನ್ನಲು ಬಿಡಲಿಲ್ಲ.

ಕೊನೆಗೆ ಅವರು ಬೆರಳು ಚುಚ್ಚಿಕೊಂಡು ಮೀಟರ್ ನೋಡಿದರು. ಸಕ್ಕರೆ ಏರಿರಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು.

"ಹಾಗಾದ್ರೆ ಒಂದು ಜಿಲೇಬಿಗೆ ಜಾಗ ಇದೆ ಅಂತಾಯ್ತು" ಎಂದು ರಾಯರು ನೆಂಟರ ತಟ್ಟೆಗೆ ಕೈ ಚಾಚಿದರು.