ಕೇಳಿದಷ್ಟಕ್ಕೇ ಉತ್ತರ

ಬೆಳಗ್ಗೆ ಐದೂಮುಕ್ಕಾಲು. ಕಾಲೇಜಿನ ಮೂರನೇ ಮಹಡಿಯಲ್ಲಿ ಒಂದೇ ಒಂದು ಕೋಣೆಯ ದೀಪ ಉರಿಯುತ್ತಿದೆ. ಬಕೆಟ್ಟಿನ ಹಿಡಿ ಕಿರ್ರೆನ್ನುತ್ತದೆ, ಒದ್ದೆ ಬಟ್ಟೆ ನೆಲದ ಮೇಲೆ ಸರಬರ ಓಡಾಡುತ್ತದೆ. ಕರಿಹಲಗೆಯ ಮೇಲೆ ನಿನ್ನೆಯ ಇಂಗ್ಲಿಷ್ ಪಾಠ ಹಾಗೇ ಇದೆ. ಅದನ್ನು ಅಳಿಸುವ ಮೊದಲು ಐವತ್ತೆರಡು ವರ್ಷದ ಹೆಂಗಸು ಒಂದು ಗಳಿಗೆ ನಿಂತು ನೋಡುತ್ತಾರೆ. ಇಂಗ್ಲಿಷ್ ಓದಲು ಅವರಿಗೆ ಬಾರದು. "ಯಾರ ಕೈಬರಹ ಅಂತ ನೋಡ್ತೀನಷ್ಟೆ. ಸಾಲು ಕೊನೇಲಿ ಕೆಳಗೆ ಜಾರಿದ್ರೆ ಮೇಷ್ಟ್ರದ್ದು. ಭುಜ ನೋವು ಅವರಿಗೆ," ಎನ್ನುತ್ತಾ ಅಳಿಸಿಬಿಡುತ್ತಾರೆ.

ಇದು ಬರವಣಿಗೆ, ಪತ್ರಿಕೋದ್ಯಮ ಮತ್ತು ಇಂಗ್ಲಿಷ್ ಕಲಿಸುವ ವಿಭಾಗ. ಇಪ್ಪತ್ನಾಲ್ಕು ವರ್ಷದಿಂದ ಇಲ್ಲಿಯ ಕಸ ಗುಡಿಸಿ ನೆಲ ಒರೆಸುವವರು ಇವರು. ದಿನಕ್ಕೆ ಹನ್ನೊಂದು ಕೋಣೆ, ಎರಡು ಕಡೆಯ ಮೆಟ್ಟಿಲು, ಹದಿನಾಲ್ಕು ಬಕೆಟ್ ನೀರು. ಇಷ್ಟೇ ಆಗಿದ್ದರೆ ಅವರ ದುಡಿಮೆಗೆ ಒಂದು ನಮಸ್ಕಾರ ಹೇಳಿ ಮುಂದಕ್ಕೆ ಹೋಗಬಹುದಿತ್ತು. ಆದರೆ ಹತ್ತು ಗಂಟೆಗೆ ಕೈ ಒರೆಸಿಕೊಂಡು ಇದೇ ಕೋಣೆಯೊಳಗೆ ಬೆಂಚುಗಳ ಎದುರಿನ ಕುರ್ಚಿಯಲ್ಲಿ ಅವರು ಕೂತರೆಂದರೆ, ಹೊಸದಾಗಿ ಸೇರಿದ ನಲವತ್ತು ಮಕ್ಕಳ ಎದೆ ಡವಡವ ಹೊಡೆದುಕೊಳ್ಳುತ್ತದೆ. ಮೊದಲ ವರ್ಷದ ಪ್ರತಿಯೊಬ್ಬರೂ ತಮ್ಮ ಬದುಕಿನ ಮೊದಲ ಸಂದರ್ಶನ ಮಾಡಬೇಕಾದದ್ದು ಇವರನ್ನೇ. ಇದುವರೆಗೆ ಒಂಬೈನೂರಕ್ಕೂ ಹೆಚ್ಚು ಮಕ್ಕಳು ಮಾಡಿದ್ದಾರೆ. ಅವರ ಬಾಯಲ್ಲಿ ಇವರು 'ಮೊದಲ ಸುದ್ದಿ ಅಕ್ಕ'.

ಶುರುವಾದದ್ದು ತೀರಾ ಅಕಸ್ಮಾತ್ತಾಗಿ. ಇಪ್ಪತ್ತೆರಡು ವರ್ಷದ ಹಿಂದೆ ಸಂದರ್ಶನದ ಪಾಠಕ್ಕೆಂದು ಪತ್ರಿಕೋದ್ಯಮದ ಮೇಷ್ಟ್ರು ಯಾರೋ ದೊಡ್ಡವರನ್ನು ಕರೆದಿದ್ದರು. ದೊಡ್ಡವರು ಬರಲಿಲ್ಲ. ಮಕ್ಕಳು ನೋಟ್‌ಬುಕ್ ಬಿಡಿಸಿಕೊಂಡು ಕೂತಿದ್ದರು. ಹೊರಗೆ ಪಡಸಾಲೆ ಒರೆಸುತ್ತಿದ್ದ ಅಕ್ಕನನ್ನು ಮೇಷ್ಟ್ರು ಒಳಗೆ ಕರೆದು ಕೂರಿಸಿದರು. "ಐದು ನಿಮಿಷ ಯಾರೂ ತುಟಿ ಪಿಟಕ್ ಅನ್ನಲಿಲ್ಲ. ನನ್ನಂಥವಳನ್ನ ಏನು ಕೇಳೋದು ಅಂತ ಅವಕ್ಕೆ. ನಾನೂ ಸುಮ್ನೆ ಕೂತೆ, ಕಾಲಿಗಾದ್ರೂ ಆರಾಮ ಅಂತ," ಎಂದು ಅಕ್ಕ ನಗುತ್ತಾರೆ.

ಅಂದಿನಿಂದ ಅವರದು ಒಂದೇ ಪದ್ಧತಿ. ಕೇಳಿದಷ್ಟಕ್ಕೇ ಉತ್ತರ. ಸುಳ್ಳು ಹೇಳುವುದಿಲ್ಲ, ಒಂದು ಮಾತು ಹೆಚ್ಚು ಕೊಡುವುದಿಲ್ಲ, ಇದನ್ನು ಕೇಳು ಎಂದು ಕಣ್ಣಲ್ಲೂ ಸೂಚಿಸುವುದಿಲ್ಲ. ಎಷ್ಟು ಓದಿದ್ದೀರಿ ಎಂದರೆ "ನಾಲ್ಕನೇ ಕ್ಲಾಸು". ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆ ಮಾತ್ರ, ಐದು ಮಕ್ಕಳಲ್ಲಿ ಹಿರಿಯವಳೆಂದು ತಮ್ಮ ತಂಗಿಯರನ್ನು ಹೊರಲು ಮನೆಯಲ್ಲಿ ಉಳಿಸಿಕೊಂಡರೆಂಬುದು ದಕ್ಕುತ್ತದೆ. ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದು, ಒಂಬತ್ತು ವರ್ಷದ ಹಿಂದೆ ಸೊಂಟ ಮುರಿದುಕೊಂಡು ಮನೆಯಲ್ಲೇ ಇರುವ ಅವರ ಗಂಡನದು ಬೇರೆ ದೂರು. "ಮನೇಲೂ ಇದೇ ಕಥೆ. ಅಡುಗೆ ಆಯ್ತಾ ಅಂದ್ರೆ ಆಯ್ತು ಅಂತಾಳೆ. ಏನ್ ಅಡುಗೆ ಅಂತ ಇನ್ನೊಂದು ಸಲ ಕೇಳ್ಬೇಕು."

ನಿಜವಾದ ಪರೀಕ್ಷೆ ಆಮೇಲಿನದು. ಮಕ್ಕಳು ಇಂಗ್ಲಿಷಿನಲ್ಲಿ ಬರೆದು ತಂದದ್ದನ್ನು ಮೇಷ್ಟ್ರು ಎಲ್ಲರೆದುರು ನಮ್ಮ ಮಾತಿಗೆ ತಿರುಗಿಸಿ ಓದುತ್ತಾರೆ. ಅಕ್ಕ ಕಣ್ಣು ಮುಚ್ಚಿ ಕೇಳುತ್ತಾರೆ. ತಾನು ಹೇಳದ ಮಾತು ಬಂದ ಕೂಡಲೇ ತೋರುಬೆರಳು ಮೇಲೇಳುತ್ತದೆ. ಒಬ್ಬ ಹುಡುಗ, ಅಕ್ಕ ಹಳೆಯದನ್ನು ನೆನೆದು ನೀಳವಾಗಿ ನಿಟ್ಟುಸಿರು ಬಿಟ್ಟರು ಎಂದು ಬರೆದಿದ್ದನಂತೆ. ಬೆರಳು ಎದ್ದಿತು. "ನಾನ್ಯಾಕೆ ನಿಟ್ಟುಸಿರು ಬಿಡ್ಲಿ? ಮೂಗು ಕಟ್ಟಿತ್ತು." ಬೆರಳು ಎದ್ದರೆ ಆ ಸಲ ಸೋತಂತೆ. ಮೂರು ಅವಕಾಶ ಇರುತ್ತವೆ. ಮೂರರಲ್ಲೂ ಸೋತವರು ಪತ್ರಿಕೋದ್ಯಮ ಬಿಟ್ಟು ಬೇರೆ ವಿಷಯ ಹಿಡಿಯಬೇಕು. ಹಾಗೆ ಹೋದವರು ಮೂವತ್ತೊಂದು ಮಂದಿ.

ಅವರ ನೆನಪಿನ ಶಕ್ತಿಯಂತೂ ಮೂಗಿನ ಮೇಲೆ ಬೆರಳಿಡುವಂಥದ್ದು. ಮೇಷ್ಟ್ರು ಹದಿನಾರು ವರ್ಷದ ಹಿಂದಿನ ಮಕ್ಕಳ ಹಾಳೆಗಳ ಕಟ್ಟು ಬಿಚ್ಚಿ, ಧೂಳು ಕೊಡವಿ, ಒಂದು ಪ್ರಶ್ನೆ ಓದುತ್ತಾರೆ: ಕೆಲಸ ಮುಗಿದ ಮೇಲೂ ಕೈಗೆ ಪೊರಕೆ ಹಿಡಿದ ಹಾಗೇ ಅನಿಸುತ್ತದೆಯೇ? ಅಕ್ಕ ಯೋಚಿಸುವುದೂ ಇಲ್ಲ, ಕೇಳಿದವರು ಯಾರೆಂದು ಹೇಳಿಬಿಡುತ್ತಾರೆ. "ಕಿಟಕಿ ಪಕ್ಕ, ಎರಡನೇ ಬೆಂಚು. ಎಡಗೈ ಹುಡುಗಿ. ಕೆಮ್ಮಿತ್ತು ಅವತ್ತು." ಮೇಷ್ಟ್ರು ಕಟ್ಟನ್ನು ಮುಚ್ಚುತ್ತಾರೆ. "ನಾನು ತಿಂಗಳುಗಟ್ಲೆ ಗಂಟಲು ಹರ್ಕೊಂಡು ಕಲಿಸೋದನ್ನ ಇವರು ಒಂದು ಬೆರಳಲ್ಲಿ ಕಲಿಸ್ತಾರೆ," ಎನ್ನುತ್ತಾರೆ. ಅವರ ದನಿಯಲ್ಲಿ ಭಕ್ತಿಯೇ ಇದೆ.

ಈ ವರ್ಷ ಬೆಂಚಿನ ಮೇಲೆ ಅಕ್ಕನ ಮಗಳೇ ಬಂದು ಕೂತಿದ್ದಾಳೆ.

ಹದಿನೆಂಟರ ಹುಡುಗಿ, ಮಾತಿನ ಮಲ್ಲಿ. ಪತ್ರಕರ್ತೆಯಾಗಬೇಕೆಂದು ಆರನೇ ತರಗತಿಯಿಂದ ಜಪ ಮಾಡುತ್ತಿದ್ದವಳು. ಆದರೆ ಹಿತ್ತಲ ಗಿಡ ಮದ್ದಲ್ಲ ನೋಡಿ. ತನ್ನಮ್ಮನನ್ನು ತಾನೇನು ಕೇಳುವುದು ಎಂದುಕೊಂಡು ಒಂದೂ ಪ್ರಶ್ನೆ ಕೇಳದೆ ನಾಲ್ಕು ಪುಟ ಬರೆದು ತಂದಳು. ನನ್ನ ತಾಯಿ ತ್ಯಾಗಮಯಿ, ತನಗಾಗಿ ಏನನ್ನೂ ಬಯಸಿದವರಲ್ಲ, ಹೀಗೆ. ಮೇಷ್ಟ್ರು ಓದಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆದರೂ ಅಕ್ಕನ ಬೆರಳು ಹನ್ನೊಂದು ಸಲ ಎದ್ದಿತು. ಮಗಳು ಎರಡು ದಿನ ಮನೆಯಲ್ಲಿ ಮಾತು ಬಿಟ್ಟಳು.

ಎರಡನೇ ಸಲ ಪಟ್ಟಿ ಮಾಡಿಕೊಂಡು ಹತ್ತು ಪ್ರಶ್ನೆ ಕೇಳಿದಳು. ಹತ್ತಕ್ಕೂ ಉತ್ತರ ಅವಳಿಗೆ ಮೊದಲೇ ಗೊತ್ತಿತ್ತು. ಬೆರಳು ಏಳಲಿಲ್ಲ, ಆದರೆ ಮೇಷ್ಟ್ರೇ ಹಾಳೆ ವಾಪಸು ಕೊಟ್ಟರು. "ಇದ್ರಲ್ಲಿ ಸುಳ್ಳೂ ಇಲ್ಲ, ಸುದ್ದೀನೂ ಇಲ್ಲ."

ಉಳಿದದ್ದು ಒಂದೇ ಅವಕಾಶ. ಆ ವಾರವನ್ನು ಅಕ್ಕ ನೆನೆಯುತ್ತಾರೆ. "ಇಂಥದ್ದು ಕೇಳು ಮಗಳೇ ಅಂತ ನಾಲಿಗೆ ತುದಿವರೆಗೂ ಬರ್ತಿತ್ತು. ಹೇಳ್ಬಿಟ್ರೆ, ಬೇರೆಯವರ ಮಕ್ಕಳನ್ನ ವಾಪಸ್ ಕಳಿಸಿದ್ನಲ್ಲ, ಅವಕ್ಕೆ ಏನಂತ ಮುಖ ತೋರಿಸ್ಲಿ?" ಗಂಡ ಕೂಡ ಗೋಗರೆದರು. ಅಕ್ಕ ಬಾಯಿ ಬಿಡಲಿಲ್ಲ. ಅದೆಂಥ ಗಟ್ಟಿ ಜೀವವಪ್ಪಾ, ಅನ್ನಿಸುತ್ತದೆ.

ಗುರುವಾರ ಹತ್ತು ಗಂಟೆ. ಮಗಳು ಎದುರಿಗೆ ಬಂದು ಕೂತಳು. ನೋಟ್‌ಬುಕ್ ತೆರೆಯಲಿಲ್ಲ. ಅಮ್ಮನ ಮುಖವನ್ನೇ ಬಹಳ ಹೊತ್ತು ನೋಡಿದಳು, ಮೊದಲ ಸಲ ನೋಡುವವಳಂತೆ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು: "ನಾನು ಈ ಬೆಂಚಲ್ಲಿ ಕೂತಿರೋದು ನೋಡಿ ನಿಂಗೆ ಹೊಟ್ಟೆಕಿಚ್ಚು ಆಗಿದ್ಯಾ?"

ಸುಳ್ಳು ಹೇಳುವ ಹಾಗಿಲ್ಲ.

"ಆಗಿದೆ," ಎಂದರು ಅಕ್ಕ.

"ಯಾವಾಗ? ಯಾಕೆ?"

"ನೀನು ಸೇರಿದ ಮೊದಲ್ನೇ ದಿನ. ಪೆನ್ನು ಬಾಯಲ್ಲಿಟ್ಕೊಂಡು ಕೂತಿದ್ದೆ, ನಿಮ್ಮಪ್ಪನ ಆಸ್ತಿ ಅನ್ನೋ ಹಾಗೆ. ಇಷ್ಟು ವರ್ಷ ಆ ಬೆಂಚು ಒರೆಸಿದ್ದೀನಿ, ಒಂದಿನಾನೂ ಕೂತಿಲ್ಲ. ಹೊಟ್ಟೆ ಉರೀತು. ಹೆತ್ತ ಮಗಳ ಮೇಲೆ ಹೀಗಾ ಅಂತ ಆಮೇಲೆ ನನ್ನ ಮೇಲೆ ನಂಗೇ ಅಸಹ್ಯ ಆಯ್ತು."

"ಈಗ?"

"ಈಗ್ಲೂ ಚೂರು ಇದೆ. ಸೋಮವಾರ ಜಾಸ್ತಿ."

"ಸೋಮವಾರ ಯಾಕೆ?"

"ಸೋಮವಾರ ಮೇಷ್ಟ್ರು ಕಥೆ ಓದಿ ಅರ್ಥ ಹೇಳ್ತಾರಲ್ಲ. ನಾನು ಆಚೆ ಮೆಟ್ಲು ತೊಳೀತಿರ್ತೀನಿ. ಮೇಲಿಂದ ತೊಳ್ಕೊಂಡು ಬರ್ಬೇಕು. ಕಥೆ ಮುಗಿಯೋ ಹೊತ್ತಿಗೆ ಕೆಳಗಿನ ಮಹಡೀಲಿರ್ತೀನಿ. ಒಂದರ ಕೊನೇನೂ ನಂಗೊತ್ತಿಲ್ಲ."

ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟರು. ಮಗಳ ಕಣ್ಣಲ್ಲಿ ನೀರು ಹನಿಯುತ್ತಿದ್ದರೂ ಪ್ರಶ್ನೆ ನಿಲ್ಲಲಿಲ್ಲ. ಆಗ ನೋಟ್‌ಬುಕ್ ತೆರೆದವಳು ಮತ್ತೆ ಹದಿನೇಳು ಕೇಳಿದಳು. ಶನಿವಾರ ಏಳು ಪುಟ ತಂದಳು. ಮೇಷ್ಟ್ರು ಮೊದಲಿಂದ ಕೊನೆಯವರೆಗೆ ಓದಿದರು, ಅಕ್ಕನ ಬೆರಳು ಒಮ್ಮೆಯೂ ಏಳಲಿಲ್ಲ. ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗುರುತು ಹಾಕಿದರು. ಅವಳು ಉಳಿದಳು.

ಎಲ್ಲರೆದುರು ಹಾಗೆ ಬಯಲಾದದ್ದಕ್ಕೆ ಬೇಸರವಿಲ್ಲವೇ ಎಂದರೆ ಅಕ್ಕ ಒದ್ದೆ ಬಟ್ಟೆಯನ್ನು ಹಿಂಡುತ್ತಾರೆ. "ನಾಚಿಕೆ ಆಯ್ತು. ಆಗದೇ ಇರುತ್ತಾ," ಎನ್ನುತ್ತಾರೆ. ನೀರು ಚೆಲ್ಲಿ, ಬಕೆಟ್ ಎತ್ತಿಕೊಂಡು, ಬಾಗಿಲ ಹತ್ತಿರ ನಿಲ್ಲುತ್ತಾರೆ. "ಆದ್ರೆ ಅಷ್ಟು ಮಕ್ಕಳಲ್ಲಿ, ನಾನು ಹೇಳಬಾರದು ಅಂದ್ಕೊಂಡಿದ್ದನ್ನ ಕೇಳಿ ಹೇಳಿಸಿದವಳು ಅವಳೊಬ್ಳೇ. ಅವಳಿಗೆ ಈ ಕೆಲ್ಸ ಬರುತ್ತೆ."