ಹಂಸಾಳ ಗಾಡಿಗೆ ಕಟ್ಟಿದ ಸೀರೆ ಜಾಲರಿ

ಮತ್ತಿಗಿರಿಯ ಹಂಸಾ ಒಂದು ಬೈಕ್ ಕಾರ್ಖಾನೆಯಲ್ಲಿದ್ದಾಳೆ ಎಂದರೆ ನಟ್ಟು ಬೋಲ್ಟು ತಿರುಗಿಸುತ್ತಾಳೆ ಎಂದುಕೊಳ್ಳುವವರೇ ಹೆಚ್ಚು. ಅವಳ ಕೆಲಸ ಬೇರೆ. ಇನ್ನೂ ಹುಟ್ಟದ ಗಾಡಿಗೆ ರೂಪ ಕೊಡುವುದು. ಮೊದಲು ಕಾಗದದ ಮೇಲೆ, ಆಮೇಲೆ ಜೇಡಿಮಣ್ಣಿನಲ್ಲಿ, ಕೊನೆಗೆ ನಿಜದ ಗಾಡಿ, ಒಂದೇ ಒಂದು. ಅದು ಮಾರುವುದಕ್ಕಲ್ಲ, ಮುಂದೆ ಹೀಗೂ ಗಾಡಿ ಬರಬಹುದು ಎಂದು ಜನಕ್ಕೆ ತೋರಿಸುವುದಕ್ಕೆ.

ಅವಳು ಮಾಡಿದ್ದು ಬ್ಯಾಟರಿ ಗಾಡಿ. ಹೊಗೆಯಿಲ್ಲ, ಸದ್ದಿಲ್ಲ. ಮೈಗೆ ಪ್ಲಾಸ್ಟಿಕ್ ಬದಲು ಕತ್ತಾಳೆ ನಾರು. ನಮ್ಮ ಹೊಲದ ಬದುಗಳಲ್ಲಿ ಬೆಳೆಯುತ್ತದಲ್ಲ, ಅದೇ. ಅಂಟಿನಲ್ಲಿ ಅದ್ದಿ ಅಚ್ಚಿಗೆ ಒತ್ತಿದರೆ ಹಲಗೆಯಷ್ಟು ಗಟ್ಟಿ. ಹಿಂದಿನ ಚಕ್ರದ ಪಕ್ಕಕ್ಕೂ ಅದೇ ನಾರಿನ ಜಾಲರಿ. ಸೀರೆ ಉಟ್ಟವರು ಒಂದೇ ಕಡೆ ಕಾಲು ಇಳಿಬಿಟ್ಟು ಕೂರುತ್ತಾರಲ್ಲ, ಅವರಿಗಾಗಿ.

ಜಾಲರಿಗೆ ಕಾರಣ ಅವಳ ತಾಯಿ ಮಂಗಮ್ಮ. ಹಂಸಾ ಚಿಕ್ಕವಳಿದ್ದಾಗ ಗಂಡ ಹೆಂಡತಿ ಉದ್ದನಪಲ್ಲಿಗೆ ಮದುವೆಗೆ ಹೊರಟರು. ಗಂಡ ಜಯರಾಮಯ್ಯ ಸ್ಕೂಲ್ ಮೇಷ್ಟರು. ಅವರ ಗಾಡಿಯ ಜಾಲರಿ ಸಡಿಲವಾಗಿ ಸದ್ದು ಮಾಡುತ್ತಿತ್ತು. ನೆಂಟರ ಮುಂದೆ ಚೆನ್ನಾಗಿರಲ್ಲ ಎಂದು ಅವತ್ತು ಬಿಚ್ಚಿಟ್ಟರು. ದಾರಿಯಲ್ಲಿ ರೇಷ್ಮೆ ಸೆರಗು ಚಕ್ರಕ್ಕೆ ಸುತ್ತಿಕೊಂಡಿತು. ಕೆಳಗೆ ಬಿದ್ದ ಮಂಗಮ್ಮನ ಸೊಂಟದ ಮೂಳೆ ಮುರಿಯಿತು. ಇವತ್ತಿಗೂ ಕೋಲು ಹಿಡಿದೇ ನಡೆಯುತ್ತಾರೆ.

ಡೆಲ್ಲಿಯ ವಾಹನ ಪ್ರದರ್ಶನಕ್ಕೆ ಕಾರ್ಖಾನೆಯಿಂದ ಒಂದೇ ಗಾಡಿ ಹೋಗುವುದು. ಹಂಸಾಳದ್ದೇ ಎಂದು ಹೆಚ್ಚುಕಡಿಮೆ ನಿಶ್ಚಯವಾಗಿತ್ತು. ಅವಳ ಮೇಲಿನ ಅಧಿಕಾರಿ ವಿಷ್ಣು ಬಂದು ಗಾಡಿಯನ್ನು ಸುತ್ತಿ ನೋಡಿದರು.

“ಎಲ್ಲಾ ಸರಿ ಕಣಮ್ಮ. ಆ ಜಾಲರಿ ಮಾತ್ರ ತೆಗೆದ್ಬುಡು. ಚಕ್ರದೊಳಗಿನ ಮೋಟ್ರು ಕಾಣ್ಬೇಕು.”

“ಸೀರೆಯೋರು ಕೂತ್ಕೊಂಡ್ರೆ ಸಾರ್?”

“ಶೋನಲ್ಲಿ ಯಾರಮ್ಮ ಕೂತ್ಕತಾರೆ? ಅದು ಓಡೋದೂ ಇಲ್ಲ. ನಾಲ್ಕು ದಿನ ಅಷ್ಟೆ.”

“ಅಲ್ಲಿ ತೋರ್ಸಿದ್ದನ್ನೇ ತಾನೆ ಸಾರ್ ನಾಳೆ ಮಾಡೋದು?”

“ಯೋಚ್ನೆ ಮಾಡಿ ಹೇಳು. ಆಗಲ್ಲ ಅಂದ್ರೆ ನಿನ್ ಜೊತೆ ಕೆಲ್ಸ ಮಾಡ್ತಾನಲ್ಲ, ಆ ನಿರಂಜನನ ಗಾಡಿ ಕಳಿಸ್ತೀನಿ.”

ಮನೆಗೆ ಬಂದು ಹೇಳಿದಳು. ಸೊಪ್ಪು ಬಿಡಿಸುತ್ತಿದ್ದ ಮಂಗಮ್ಮ ತಲೆಯೆತ್ತಲಿಲ್ಲ.

“ತೆಗೆದಾಕು ಕಣೆ. ನನ್ನ ಸೊಂಟ ಯಾಕೆ ನಿನ್ನ ದಾರಿಗೆ ಅಡ್ಡ ಬರ್ಬೇಕು?”

“ನೀನು ಬಿದ್ದಿದ್ದು ಮರ್ತೋಯ್ತಾ ಅಮ್ಮಾ?”

“ಈ ಮೇಷ್ಟ್ರನ್ನ ಕಟ್ಕೊಂಡಾಗ್ಲೇ ಬಿದ್ದೆ ಕಣೆ. ಗಾಡಿಯಿಂದ ಬಿದ್ದಿದ್ದು ಎರಡನೇ ಸಲ.”

ಹಂಸಾ ನಕ್ಕಳು. ಮೇಷ್ಟರು ನಗಲಿಲ್ಲ. ಬಾಗಿಲ ಕಡೆ ನೋಡುತ್ತಾ, “ಒಂದು ದಿನಕ್ಕೆ ಅಂತ್ಲೇ ನಾನೂ ಬಿಚ್ಚಿದ್ದು” ಎಂದರು. ಆ ಮಾತನ್ನು ಅಷ್ಟು ವರ್ಷದಲ್ಲಿ ಅವರು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಮಂಗಮ್ಮನ ಕೈ ಸೊಪ್ಪಿನ ಮೇಲೆ ನಿಂತಿತು.

ಹಂಸಾ ಜಾಲರಿ ಬಿಚ್ಚಲಿಲ್ಲ. ನಿರಂಜನನ ಗಾಡಿ ಡೆಲ್ಲಿಗೆ ಹೋಯಿತು, ಪೇಪರಿನಲ್ಲೂ ಬಂತು. ಹಂಸಾಳದ್ದು ಮೂಲೆ ಸೇರಿತು.

ಆಯುಧಪೂಜೆಯ ದಿನ ಕಾರ್ಖಾನೆಗೆ ಮನೆಯವರನ್ನೂ ಬಿಡುತ್ತಾರೆ. ಮೂಲೆಯ ಗಾಡಿಗೂ ಅರಿಶಿನ ಕುಂಕುಮ ಹಚ್ಚಿ ಚೆಂಡುಹೂವು ಇಟ್ಟಿದ್ದರು. “ಕೂತ್ಕೋ ಅಮ್ಮಾ” ಎಂದಳು ಹಂಸಾ. ಮಂಗಮ್ಮ ಕೋಲನ್ನು ಗಂಡನ ಕೈಗೆ ಕೊಟ್ಟು ಸೀಟು ಹಿಡಿದು ಹತ್ತಲು ನೋಡಿದರು. ಆಗಲಿಲ್ಲ. ಮೇಷ್ಟರು ತೋಳು ಹಿಡಿದರು. ಆಗಲೂ ಆಗಲಿಲ್ಲ.

“ಎತ್ತರ ಆಯ್ತು ಕಣೆ” ಎಂದರು ಮಂಗಮ್ಮ, ತಪ್ಪು ತಮ್ಮದೇ ಎಂಬಂತೆ.

ಸೀರೆಯನ್ನು ನೆನೆದವಳು ಸೊಂಟವನ್ನು ನೆನೆದಿರಲಿಲ್ಲ. ಹಂಸಾ ಜೇಬಿನಿಂದ ಅಳತೆ ಟೇಪು ತೆಗೆದಳು. ಆಮೇಲೆ ತಾಯಿಯನ್ನು ನೆಟ್ಟಗೆ ನಿಲ್ಲಿಸಿ, ಅವರ ಪಕ್ಕ ಮಂಡಿಯೂರಿ, ನೆಲದಿಂದ ಸೊಂಟದವರೆಗೆ ಟೇಪು ಹಿಡಿದಳು.